ಎಂ.ಜಿ. ರಸ್ತೆಯಲ್ಲಿ ಕಾರು, ಚರ್ಚ್ ಸ್ಟ್ರೀಟಿನಲ್ಲಿ ಚುಕ್ಕೆ

ಉಚ್ಚಿಲದ ನಮ್ಮ ಮನೆಯಿಂದ ಪಡುವಣಕ್ಕೆ ನಡೆದರೆ ಕಡಲು. ಆ ದಾರಿಯಲ್ಲಿ ಬೋಟಿನ ಮಾಲಕರೊಬ್ಬರ ಮನೆ ಉಂಟು. ಮಲ್ಪೆಯಲ್ಲಿ ಟ್ರಾಲ್ ಬೋಟು ಇಟ್ಟುಕೊಂಡು ಮೂವತ್ತು ವರ್ಷ ಕಡಲು ಕಂಡವರು. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ 61 ದಿನ ಬೋಟು ಧಕ್ಕೆಯಲ್ಲಿ ನಿಂತಿರುವಾಗ ಅವರು ಕಾರು ತೆಗೆದುಕೊಂಡು ಬೆಂಗಳೂರಿನ ಮಗಳ ಮನೆಗೆ ಹೋಗಿ ಬರುತ್ತಾರೆ. ಈ ಸಲ ಹೋಗಿ ಬಂದವರು ನಮ್ಮ ಅಂಗಳದಲ್ಲೇ ನಿಂತು ಕೇಳಿದರು: "ಎಂತ ಮಾರಾಯ್ರೇ, ಕಡಲಿನಡಿ ಬಲೆ ಹರಿದ ಕಲ್ಲು ಎಲ್ಲಿ ಉಂಟು ಅಂತ ಜಿಪಿಎಸ್ ಮುಂದಿನ ವರ್ಷವೂ ಸರಿಯಾಗಿ ತೋರಿಸ್ತದೆ. ಎಂ.ಜಿ. ರಸ್ತೆಯಲ್ಲಿ ಹೋಗುವ ಕಾರನ್ನು ಚರ್ಚ್ ಸ್ಟ್ರೀಟಿನಲ್ಲಿ ಉಂಟು ಅಂತ ತೋರಿಸ್ತದೆ. ಎರಡಕ್ಕೂ ಮೇಲಿರುವ ಉಪಗ್ರಹ ಒಂದೇ ಅಲ್ವಾ?"

ಒಂದೇ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಅದೇ ಜಿಪಿಎಸ್ ಉಪಗ್ರಹಗಳು ಬೋಟಿಗೂ ಕಾರಿಗೂ ದಾರಿ ಹೇಳುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಉಂಟು. ಸಂಕೇತ ಅಲ್ಲಿಂದ ಹೊರಟ ಗಳಿಗೆಗೂ ನಮ್ಮಲ್ಲಿಗೆ ಮುಟ್ಟಿದ ಗಳಿಗೆಗೂ ಇರುವ ಅಂತರದಿಂದ ದೂರದ ಲೆಕ್ಕ ಹಾಕುವುದು. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಾವಿರುವ ಜಾಗ ಗೊತ್ತಾಗುತ್ತದೆ. ಸಂಕೇತ ಬರುವುದು ಬೆಳಕಿನ ವೇಗದಲ್ಲಿ. ಹಾಗಾಗಿ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ದೂರದಲ್ಲಿ ಮೂವತ್ತು ಮೀಟರ್ ತಪ್ಪು ಬರುತ್ತದೆ.

ಬೋಟಿಗೆ ಎಂಟು ದಿಕ್ಕಿನಲ್ಲೂ ಆಕಾಶ ಬಯಲು. ಎಂ.ಜಿ. ರಸ್ತೆ ಹಾಗಲ್ಲ. ಅದು ಮೂಡು-ಪಡುವಾಗಿ ಹೋಗುವ ರಸ್ತೆ. ತೆಂಕು ಬದಿಯಲ್ಲಿ ಸಾಲು ಕಟ್ಟಡ, ನಡುವೆ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್. ಬಡಗು ಬದಿಯಲ್ಲಿ 2011ರಿಂದ ಮೆಟ್ರೋ ಓಡುತ್ತಿರುವ ಕಾಂಕ್ರೀಟ್ ಸೇತುವೆ. ಕಾರಿಗೆ ಚೆನ್ನಾಗಿ ಕಾಣುವುದು ನೆತ್ತಿಯ ಮೇಲಿನ ಆಕಾಶ, ಮತ್ತೆ ರಸ್ತೆಯ ಉದ್ದಕ್ಕೆ ಮೂಡಿನಲ್ಲೂ ಪಡುವಿನಲ್ಲೂ ಇರುವ ಉಪಗ್ರಹಗಳು. ನಾನು ಅವರಿಗೆ ಧಕ್ಕೆಯ ಲೆಕ್ಕದಲ್ಲೇ ಹೇಳಿದೆ. ಬೋಟಿನ ಮುಂದಿನ ಹಗ್ಗ, ಹಿಂದಿನ ಹಗ್ಗ ಎರಡನ್ನೂ ಬಿಗಿದು ಅಡ್ಡ ಹಗ್ಗ ಕಟ್ಟದೇ ಬಿಟ್ಟರೆ ಎಂತಾಗುತ್ತದೆ? ಬೋಟು ಹಿಂದೆ ಮುಂದೆ ಹೋಗುವುದಿಲ್ಲ, ಅಡ್ಡಕ್ಕೆ ತೇಲುತ್ತದೆ. ಎಂ.ಜಿ. ರಸ್ತೆಯಲ್ಲಿ ಚುಕ್ಕೆಗೆ ಆದದ್ದು ಅದೇ. ರಸ್ತೆಯ ಉದ್ದಕ್ಕೆ ಅದು ಸರಿಯಾಗಿಯೇ ಇತ್ತು. ಅಡ್ಡಕ್ಕೆ ಸರಿಯಿತು, ಅಡ್ಡಕ್ಕೆ ಸಿಗುವ ಮೊದಲ ರಸ್ತೆ ಚರ್ಚ್ ಸ್ಟ್ರೀಟ್.

ಅದರ ಮೇಲೆ ಮಾರ್ದನಿಯ ಉಪದ್ರ. ಗುಡ್ಡದ ಬುಡದ ಗದ್ದೆಯಲ್ಲಿ ಆಟ ನೋಡಿದವರಿಗೆ ಇದು ಗೊತ್ತು. ಚೆಂಡೆಯ ಪೆಟ್ಟು ರಂಗಸ್ಥಳದಿಂದ ಒಮ್ಮೆ ಕೇಳುತ್ತದೆ, ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಕೇಳುತ್ತದೆ. ನಡುವೆ ಮರೆ ಇದ್ದು ಮೊದಲಿನದ್ದು ಕೇಳದೇ ಹೋದರೆ ಚೆಂಡೆ ಗುಡ್ಡದಲ್ಲೇ ಬಾರಿಸಿದ ಹಾಗೆ. ನಗರದ ಗಾಜಿನ ಕಟ್ಟಡಗಳು ಉಪಗ್ರಹದ ಸಂಕೇತಕ್ಕೆ ಇಂಥ ಗುಡ್ಡಗಳು. ನೇರ ಬರಬೇಕಾದ್ದು ಕಟ್ಟಡದ ಮರೆಗೆ ಸಿಕ್ಕಿ, ಎದುರಿನ ಗಾಜಿಗೆ ಬಡಿದದ್ದು ಮಾತ್ರ ಕಾರಿಗೆ ಮುಟ್ಟುತ್ತದೆ. ಸುತ್ತಿ ಬಂದದ್ದರಿಂದ ತಡ, ತಡವಾದ್ದರಿಂದ ದೂರ ತಪ್ಪು. ಮಣಿಪಾಲದಲ್ಲಿ ಎರಡೂ ಬದಿಗೆ ಅಪಾರ್ಟ್‌ಮೆಂಟ್ ಎದ್ದ ಕಿರು ರಸ್ತೆಗಳಲ್ಲಿ ಕಾರು ನಿಲ್ಲಿಸಿ ನೋಡಿ, ನಿಂತಲ್ಲೇ ಚುಕ್ಕೆ ಅಲೆದಾಡುತ್ತದೆ. ಕಾರು ಓಡುವಾಗ ಮಾರ್ದನಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ತಪ್ಪುಗಳು ಒಂದಕ್ಕೊಂದು ತಿಂದುಕೊಂಡು ಚುಕ್ಕೆ ಸ್ವಲ್ಪ ನೆಟ್ಟಗಾಗುತ್ತದೆ.

ಇಷ್ಟು ವರ್ಷ ಕಾರು ಓಡಿಸಿ ನಾನು ಕಲಿತದ್ದು ಇದು: ಜಿಪಿಎಸ್ ಸುಮ್ಮಸುಮ್ಮನೆ ತಪ್ಪುವುದಿಲ್ಲ, ಪ್ರತಿ ತಪ್ಪಿಗೂ ಅದರದ್ದೇ ಹೆಜ್ಜೆ ಗುರುತು ಉಂಟು. ಪಕ್ಕದ ರಸ್ತೆಗೆ ಹಾರಿದರೆ ಅದು ಆಕಾಶದ ಮರೆ. ಆದರೆ ಬೋಟಿನವರು ಹೇಳಿದ ಇನ್ನೊಂದು ಮಾತು ನನಗೆ ಸರಿ ಕಾಣಲಿಲ್ಲ. ಕಾಪುವಿನಿಂದ ಬರುವಾಗಲೂ ಚುಕ್ಕೆ ಹೆದ್ದಾರಿ ಬಿಟ್ಟು ತೆಂಗಿನ ತೋಟದಲ್ಲಿ ಹೋಗುತ್ತದಂತೆ. ಕಾಪು, ಉಚ್ಚಿಲದ ನಡುವೆ ಯಾವ ಯುಟಿಲಿಟಿ ಬಿಲ್ಡಿಂಗ್ ಉಂಟು? ಬಯಲಿನಲ್ಲೂ ತಪ್ಪುವುದಾದರೆ ಹುಡುಕಬೇಕಾದ್ದು ಕಾರಿನೊಳಗೆ.

ಮರುದಿನ ಬೆಳಿಗ್ಗೆ ಅವರ ಕಾರನ್ನು ಕಡಲ ಬದಿಯ ಬಯಲಿಗೆ ಒಯ್ದೆವು. ಅವರು ಹೊರಗಿನಿಂದ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋದಲ್ಲಿ ಮ್ಯಾಪ್ ಓಡುತ್ತದೆ. ಕೈಯಲ್ಲಿದ್ದ ಫೋನಿನಲ್ಲಿ ಚುಕ್ಕೆ ನಿಂತಲ್ಲೇ ಇತ್ತು, ಸ್ಟೀರಿಯೋದಲ್ಲಿ ನೀರಿನ ಮೇಲಿತ್ತು. ಉಪಗ್ರಹಗಳ ಸಂಕೇತದ ಬಲ ತೋರಿಸುವ ಉಚಿತ ಆ್ಯಪ್‌ಗಳಿವೆ; ಒಂದನ್ನು ಎರಡರಲ್ಲೂ ಹಾಕಿದೆ. ಬಯಲಿನಲ್ಲಿ ಒಳ್ಳೆಯ ಉಪಗ್ರಹಗಳ ಬಲ ನಲವತ್ತರ ಆಚೆ ಈಚೆ ಇರಬೇಕು, ಫೋನಿನಲ್ಲಿ ಹಾಗೇ ಇತ್ತು. ಸ್ಟೀರಿಯೋದಲ್ಲಿ ಇಪ್ಪತ್ತೆರಡು, ಇಪ್ಪತ್ನಾಲ್ಕು. ಸ್ಟೀರಿಯೋವನ್ನು ಮೆಲ್ಲ ಹೊರಗೆಳೆದು, ಹಿಂದಿನ ಸಪೂರ ಕಪ್ಪು ವಯರಿನ ಬೆನ್ನು ಹಿಡಿದು ಹೋದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಚೌಕ, ಅದೇ ಆಂಟೆನಾ. ಡ್ಯಾಶ್‌ಬೋರ್ಡಿನ ಒಳಗೆ, ಕಬ್ಬಿಣದ ಪಟ್ಟಿಯ ಕೆಳಮೈಗೆ ತನ್ನ ಅಯಸ್ಕಾಂತದಿಂದಲೇ ಅಂಟಿಕೊಂಡಿತ್ತು, ಮುಖ ಕೆಳಗೆ. ಆಕಾಶ ನೋಡಬೇಕಾದದ್ದು ಕಾರಿನ ನೆಲ ನೋಡುತ್ತಾ ಕೂತಿತ್ತು. ಹಾಕಿದವರಿಗೆ ಅದು ಹೊರಗೆ ಕಂಡರೆ ಚೆಂದ ಅಲ್ಲ ಎಂದು ತೋರಿರಬೇಕು. ಅದನ್ನು ಬಿಡಿಸಿ, ಮುಂದಿನ ಗಾಜಿನ ಕೆಳಮೂಲೆಯಲ್ಲಿ ಮುಖ ಮೇಲೆ ಮಾಡಿ ಅಂಟಿಸಿದೆ. ನಿಮಿಷದೊಳಗೆ ಅಂಕಿಗಳು ನಲವತ್ತು ದಾಟಿದವು, ಚುಕ್ಕೆ ನೀರಿನಿಂದ ದಡಕ್ಕೆ ಬಂತು.

ಹೊರಗಿನ ಸ್ಟೀರಿಯೋ ಇರುವ ಪ್ರತಿಯೊಬ್ಬರೂ ಇದೊಂದನ್ನು ನೋಡಿಕೊಳ್ಳಬೇಕು. ಆಂಡ್ರಾಯ್ಡ್ ಆಟೋ ಬಳಸುವವರಿಗೂ ಇದು ತಾಗುತ್ತದೆ. ಕೆಲವು ಕಾರುಗಳಲ್ಲಿ ಫೋನನ್ನು ಜೋಡಿಸಿದ ಕೂಡಲೇ ಅದು ತನ್ನ ಆಂಟೆನಾ ಬಿಟ್ಟು ಕಾರಿನದ್ದನ್ನು ನಂಬಲು ಶುರು ಮಾಡುತ್ತದೆ. ಬಿಡಿಯಾಗಿ ಸರಿ ಇರುವ ಫೋನು ಕಾರಿಗೆ ಜೋಡಿಸಿದಾಗ ತಪ್ಪಿದರೆ ಕಾರಿನ ಆಂಟೆನಾ ನೋಡಿ. ಫೋನೇ ತಪ್ಪುತ್ತಿದ್ದರೆ ಡ್ಯಾಶ್‌ಕ್ಯಾಮನ್ನೂ ಅಗ್ಗದ ಚಾರ್ಜರನ್ನೂ ಒಂದೊಂದಾಗಿ ಕಿತ್ತು ನೋಡಿ. ಅವು ಉಗುಳುವ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಕ್ಷೀಣ ಸ್ವರ ಮುಳುಗಿಹೋಗುತ್ತದೆ. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಮುಂದಿನ ಗಾಜು ಇದ್ದರೆ, ಒಳಗನ್ನಡಿಯ ಹತ್ತಿರ ಲೇಪ ಬಿಟ್ಟ ಜಾಗ ಇರುತ್ತದೆ, ಫೋನು ಅಲ್ಲಿ ನಿಲ್ಲಲಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆಯಿರಿ. ಮಳೆಗೆ ಜಿಪಿಎಸ್ ಹಾಳಾಗುತ್ತದೆ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಮೋಡವನ್ನೂ ಮಳೆಯನ್ನೂ ಈ ಸಂಕೇತ ಆರಾಮಾಗಿ ದಾಟುತ್ತದೆ. ಆಗುಂಬೆ ಘಾಟಿಯಲ್ಲಿ ಅದನ್ನು ಹೀರುವುದು ತಲೆಯ ಮೇಲಿನ ಒದ್ದೆ ಎಲೆಗಳು.

ಆಂಟೆನಾ ಸರಿ ಮಾಡಿದರೂ ಬೆಂಗಳೂರಿನ ಒಂದು ತೊಡಕು ಉಳಿಯುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ 2024ರ ಜುಲೈಯಲ್ಲಿ ತೆರೆದ ಎರಡಂತಸ್ತಿನ ಸೇತುವೆ ನೆನೆಸಿಕೊಳ್ಳಿ. ಕೆಳಗೆ ಹಳೇ ರಸ್ತೆ, ಮೇಲೆ ಕಾರುಗಳ ಫ್ಲೈಓವರ್, ಅದರ ಮೇಲೆ ಮೆಟ್ರೋ. ನೀವು ಎಷ್ಟನೇ ಅಂತಸ್ತಿನಲ್ಲಿದ್ದೀರಿ ಎಂದು ಹೇಳುವುದು ಜಿಪಿಎಸ್‌ಗೆ ಬಹಳ ಕಷ್ಟ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇವೆ, ಕಾಲಡಿಯಲ್ಲಿ ಒಂದೂ ಇಲ್ಲ; ಮೇಲಿನಿಂದ ಎಳೆಯುವ ಹಗ್ಗಗಳು ಮಾತ್ರ, ಕೆಳಗಿನಿಂದ ಹಿಡಿಯುವ ಹಗ್ಗ ಇಲ್ಲ. ಹಾಗಾಗಿ ಎತ್ತರದ ಲೆಕ್ಕ ಯಾವಾಗಲೂ ಅಡ್ಡಗಲದ ಲೆಕ್ಕಕ್ಕಿಂತ ಸಡಿಲ. ಮ್ಯಾಪ್ ಆಗ ಊಹೆ ಮಾಡುತ್ತದೆ. ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ಹೋಗುವವನಿಗೆ "ಎಡಕ್ಕೆ ತಿರುಗಿ" ಎನ್ನುವುದು ಈ ಊಹೆ ತಪ್ಪಿದಾಗ. ನಮ್ಮ 66ನೇ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆಗೂ ಹೆದ್ದಾರಿಗೂ ನಡುವೆ ಇರುವುದು ಕೆಲವೇ ಮೀಟರ್, ಅಲ್ಲೂ ಇದೇ ಗೊಂದಲ. ಕಾರಿನಲ್ಲೇ ಬಂದ ನ್ಯಾವಿಗೇಶನ್ ಇದ್ದರೆ ಅದಕ್ಕೆ ಚಕ್ರ ಎಷ್ಟು ಉರುಳಿತು ಎಂಬ ಲೆಕ್ಕವೂ ತಿರುವಿನ ಲೆಕ್ಕವೂ ಒಳಗಿನಿಂದಲೇ ಸಿಗುತ್ತದೆ, ಸೇತುವೆಯಡಿಯಲ್ಲಿ ಅದು ಫೋನಿಗಿಂತ ಮೇಲು. ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಮೊದಲೇ ಹೇಳುವ ಸೌಕರ್ಯವನ್ನು ಗೂಗಲ್ ಮ್ಯಾಪ್ 2024ರಲ್ಲಿ ನಮ್ಮ ದೇಶದ ನಗರಗಳಿಗೆ ತಂದಿದೆ. ಹತ್ತುವ ಮೊದಲು ಆ ಒಂದು ಗೆರೆ ಓದಿಕೊಂಡರೆ, ಹತ್ತಿದ ಮೇಲೆ ಅದು ಎಂತ ಹೇಳಿದರೂ ಇಳಿಯುವವರೆಗೆ ಗಾಬರಿಯಾಗಬೇಕಾಗಿಲ್ಲ.

ಮಾಲ್‌ಗಳ ಬೇಸ್‌ಮೆಂಟಿನಿಂದ ಮೇಲೆ ಬಂದ ಕೂಡಲೇ ಬಾಣ ತಿರುಗಾಮುರುಗಾ ತೋರಿಸುವುದಕ್ಕೂ ಕಾರಣ ಉಂಟು. ನಿಂತ ಕಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಜಿಪಿಎಸ್‌ಗೆ ಗೊತ್ತಾಗದು, ಚಲಿಸಿದರೆ ಮಾತ್ರ ಗೊತ್ತು. ಫೋನಿನ ದಿಕ್ಸೂಚಿ ಹೇಳಬಹುದು, ಆದರೆ ಫೋನು ಹಿಡಿದಿರುವ ಸ್ಟ್ಯಾಂಡೇ ಅಯಸ್ಕಾಂತದ್ದಾದರೆ ದಿಕ್ಸೂಚಿಯೂ ಕೆಟ್ಟಿತು. ಜಾಗ ಹಿಡಿಯಲೂ ಸ್ವಲ್ಪ ಹೊತ್ತು ಬೇಕು: ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಸಿಮ್ ಇರುವ ಫೋನಿಗೆ ಅದು ನೆಟ್‌ವರ್ಕಿನಿಂದ ಬೇಗ ಸಿಗುತ್ತದೆ. ಸಿಮ್ ಇಲ್ಲದ ಸ್ಟೀರಿಯೋ ಆಕಾಶದಿಂದಲೇ ಪೂರ್ತಿ ಕೇಳಿಸಿಕೊಳ್ಳಬೇಕು. ಹೊರಬಂದು ನೇರಕ್ಕೆ ನೂರು ಮೀಟರ್ ನಿಧಾನ ಹೋಗಿ, ಆಮೇಲೆ ತಿರುಗಿ.

ಹೊಸ ಫೋನು ಕೊಳ್ಳುವವರಿಗೆ ನನ್ನ ಸಲಹೆ, ಜಿಪಿಎಸ್‌ನಲ್ಲಿ ಎಲ್5 ಉಂಟಾ ಎಂದು ಕೇಳಿ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಕಾರಿನವರಿಗೆ ಇದು ದೊಡ್ಡದು. ಹಳೆಯ ಎಲ್1 ಸಂಕೇತದ ಅಳತೆಕೋಲಿನ ಒಂದೊಂದು ಗೆಣ್ಣು ಸುಮಾರು 300 ಮೀಟರ್, ಎಲ್5ರದ್ದು 30 ಮೀಟರ್. ಕೋಲು ಸಣ್ಣದಾದಷ್ಟೂ ನೇರ ಬಂದದ್ದನ್ನೂ ಗೋಡೆಗೆ ಬಡಿದು ಬಂದದ್ದನ್ನೂ ಬೇರೆ ಮಾಡುವುದು ಸುಲಭ. 2018ರಿಂದ ಇಂಥ ಫೋನುಗಳು ಪೇಟೆಯಲ್ಲಿವೆ. ನಮ್ಮ ಇಸ್ರೋದ ನಾವಿಕ್ ಕೂಡ ಎಲ್5ರಲ್ಲಿಯೇ ಮಾತಾಡುತ್ತದೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ನಾವು ದಾರಿಯಲ್ಲಿ ದಾಟುವ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಉಂಟು. ನಾವಿಕ್‌ನ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ನಮ್ಮ ದೇಶದ ನೆತ್ತಿಯನ್ನೇ ನೋಡಿ ಕಟ್ಟಿದ ವ್ಯವಸ್ಥೆ ಅದು, 2013ರಲ್ಲಿ ಮೊದಲ ಉಪಗ್ರಹ ಹಾರಿತು. ಎತ್ತರದ ಕಟ್ಟಡಗಳ ನಡುವೆ ಬೇಕಾದ್ದು ಇಂಥದ್ದೇ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರ ಕೆಟ್ಟುಹೋದದ್ದರಿಂದ ಅದೊಂದನ್ನೇ ನೆಚ್ಚುವ ಹಾಗಿಲ್ಲ ಎನ್ನುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇಷ್ಟೆಲ್ಲ ಸರಿ ಇದ್ದು ಚುಕ್ಕೆ ಸರಿಯಾದಲ್ಲೇ ನಿಂತಿದ್ದರೂ ಮ್ಯಾಪ್ ಕೈಕೊಡಬಹುದು. 2024ರ ಜೂನ್ ಕೊನೆಗೆ ಕಾಸರಗೋಡಿನ ಪಳ್ಳಂಜಿಯಲ್ಲಿ ಮುಂಜಾನೆಯ ಕತ್ತಲಲ್ಲಿ ಮ್ಯಾಪ್ ನೋಡಿಕೊಂಡು ಹೋದ ಇಬ್ಬರು ಯುವಕರ ಕಾರು, ತಡೆಗೋಡೆಯಿಲ್ಲದ ಸೇತುವೆ ನೆರೆಯಲ್ಲಿ ಮುಳುಗಿದ್ದು ಕಾಣದೆ ಹೊಳೆಗಿಳಿಯಿತು. ಕಾರು ಮರಕ್ಕೆ ಸಿಕ್ಕಿಕೊಂಡದ್ದರಿಂದ ಇಬ್ಬರೂ ಉಳಿದರು. ಅಲ್ಲಿ ಉಪಗ್ರಹದ ತಪ್ಪು ಎಂತದೂ ಇಲ್ಲ. ಹೊಳೆ ಎಷ್ಟು ಏರಿದೆ ಎಂದು ಮ್ಯಾಪಿಗೆ ಗೊತ್ತಿಲ್ಲ, ಅಷ್ಟೇ. ಮಳೆಗಾಲದ ರಾತ್ರಿ ಒಳದಾರಿ ತೋರಿಸಿದರೆ ನಾನು ಹೋಗುವುದಿಲ್ಲ, ಅರ್ಧ ಗಂಟೆ ಹೆಚ್ಚಾದರೂ ಹೆದ್ದಾರಿಯೇ ಸಾಕು.

ಇನ್ನು ವಿಳಾಸದ ವಿಷಯ, ಇದು ನಮ್ಮೂರಿನದ್ದೇ. 66ನೇ ಹೆದ್ದಾರಿಯ ಮೇಲೆ ಉಚ್ಚಿಲ ಎರಡು ಇವೆ. ಒಂದು ಪಡುಬಿದ್ರಿ, ಕಾಪುವಿನ ನಡುವಿನ ನಮ್ಮದು, ಮಹಾಲಕ್ಷ್ಮಿ ದೇವಸ್ಥಾನದ ಉಚ್ಚಿಲ. ಇನ್ನೊಂದು ಮಂಗಳೂರಿನಿಂದ ತೆಂಕಿಗೆ, ತಲಪಾಡಿಯ ದಾರಿಯಲ್ಲಿ, ಸೋಮೇಶ್ವರದ ಉಚ್ಚಿಲ. ಕಳೆದ ವರ್ಷ ನಮ್ಮ ಕುಟುಂಬದ ಒಂದು ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಹೊರಟ ಅಕ್ಕನ ಮಗ ಮ್ಯಾಪಿನಲ್ಲಿ ಬರೀ "ಉಚ್ಚಿಲ" ಎಂದು ಒತ್ತಿ, ಊಟದ ಹೊತ್ತಿಗೆ ಸೋಮೇಶ್ವರದಲ್ಲಿದ್ದ. "ಮಾವ, ಇಲ್ಲಿ ದೇವಸ್ಥಾನ ಕಾಣುವುದಿಲ್ಲ" ಎಂದು ಫೋನು ಮಾಡಿದ. ಅಲ್ಲಿಂದ ಇಲ್ಲಿಗೆ ಬರಲು ಮಂಗಳೂರು ಪೇಟೆ ದಾಟಬೇಕು. 2022ರಲ್ಲಿ ಶುರುವಾದ ನಮ್ಮ ದಸರಾಕ್ಕೆ "ಉಡುಪಿ ಉಚ್ಚಿಲ ದಸರಾ" ಎಂದು ಹೆಸರಿಟ್ಟದ್ದು ದೂರದಿಂದ ಬರುವವರಿಗೆ ದೊಡ್ಡ ಉಪಕಾರ.

ಬೋಟಿನವರ ಮಗನ ಮದುವೆ ನಿಶ್ಚಯವಾಗಿದೆ. ಆಮಂತ್ರಣದಲ್ಲಿ ವಿಳಾಸ ಹೇಗೆ ಬರೆಸುವುದೆಂದು ಕೇಳಿದಾಗ, ಹಾಲ್‌ನ ಗೇಟಿನೆದುರು ನಿಂತು ಚುಕ್ಕೆ ಒಂದು ನಿಮಿಷ ಅಲುಗಾಡದೇ ಇದ್ದ ಮೇಲೆ ಪಿನ್ ಹಾಕಿ, ಆ ಕೊಂಡಿಯನ್ನು ಎಲ್ಲರಿಗೂ ಕಳುಹಿಸಿ ಎಂದೆ. ಅವರು ಒಳಗೆ ಹೋಗಿ ಬೋಟಿನ ಪುಸ್ತಕ ತಂದರು. ಮೀನು ಸಿಕ್ಕಿದ ಜಾಗ, ಕಲ್ಲು ಇರುವ ಜಾಗ, ಎಲ್ಲವೂ ಅಕ್ಷಾಂಶ ರೇಖಾಂಶದಲ್ಲಿ, ಪುಟದ ತುಂಬ ಅಂಕಿ. ಹದಿಮೂರು ಡಿಗ್ರಿಯ ಗೆರೆ ಸುರತ್ಕಲ್‌ನ ಹತ್ತಿರ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. "ಹದಿಮೂರರಿಂದ ಬಡಗಿಗೆ ನಮ್ಮ ಉಚ್ಚಿಲ, ತೆಂಕಿಗೆ ಅವರದ್ದು. ಆ ಅಂಕಿಯನ್ನೂ ಕಾಗದದಲ್ಲಿ ಹಾಕಿಸುವ, ಅಲ್ವಾ?" ಎಂದರು. ಹಾಕಿಸಿ ಎಂದೆ.