ಗಾಂಧಾರಿಯ ದನಿ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ರೇಡಿಯೋಗ್ರಾಮ್ ಇದೆ. ಮುಚ್ಚಳ ತೆಗೆದರೆ ತಟ್ಟೆ ತಿರುಗುವ ಯಂತ್ರ, ಕೆಳಗೆ ರೇಡಿಯೋ. ನೋಡಲು ಥೇಟ್ ಕಪಾಟು. 1964ರಲ್ಲಿ ಅಪ್ಪ ಕೊಂಡದ್ದು. ಅದರ ಮೇಲಿನ ಕಸೂತಿ ಹೊದಿಕೆ ಅವ್ವ ಹಾಕಿದ್ದು, ದಿನಾ ಒರೆಸುವ ಕೆಲಸವೂ ಅವ್ವನದೇ. ಮುಳ್ಳನ್ನು ಎತ್ತಿ ತಟ್ಟೆಯ ಮೇಲಿಡುವ ಅಧಿಕಾರ ಮಾತ್ರ ಅಪ್ಪನದು. "ಕೈ ನಡುಗಿದರ ತಟ್ಟಿ ಹಾಳಾಗ್ತದ" ಎನ್ನುತ್ತಿದ್ದರು. ಕುದಿಯುವ ಹಾಲಿನ ಪಾತ್ರೆಯನ್ನು ಒಂದು ಹನಿ ಚೆಲ್ಲದೆ ಇಳಿಸುವವಳಿಗೆ ಈ ಎಚ್ಚರಿಕೆ!

ಕ್ಯಾಸೆಟ್ಟು ಬಂದ ಮೇಲೆ ಪೆಟ್ಟಿಗೆ ಮೂಕವಾಯಿತು. ಅಪ್ಪ ಹೋದ ಎಷ್ಟೋ ವರ್ಷಗಳ ನಂತರ ನಾನು ಅದನ್ನು ರಿಪೇರಿಗೆ ಕೊಟ್ಟೆ. ಒಣಗಿದ ಕೆಪಾಸಿಟರುಗಳನ್ನು ಬದಲಿಸಿದ ಮೇಲೆ ಗುಂಯ್ ಎನ್ನುವ ಸದ್ದು ನಿಂತಿತು. ವಾಲ್ವುಗಳು ಬಿಸಿಯಾಗಲು ಅರ್ಧ ನಿಮಿಷ ಕಾದು, ಅಪ್ಪನ ಸಂಗ್ರಹದ ಒಂದು ಅರಗಿನ ತಟ್ಟೆ ಹಚ್ಚಿದೆವು. ಅದರ ಚೀಟಿಯ ಮೇಲೆ ಇದ್ದ ಹೆಸರು ಗಾಂಧಾರಿ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಹಾಡುಗಳು ಎಚ್‌ಎಂವಿ ತಟ್ಟೆಗಳಲ್ಲಿ ಬಂದದ್ದು ಈ ಹೆಸರಿನಲ್ಲಿ.

ದಪ್ಪನೆಯ, ಗಂಭೀರವಾದ ದನಿ ಕೇಳಿತು. ಕೂತವರೆಲ್ಲ ತಲೆದೂಗಿದೆವು. "ಇದು ನೋಡು, ಗಂಗೂಬಾಯಿಯವರ ದನಿ!" ಧಾರವಾಡ ಆಕಾಶವಾಣಿಯಲ್ಲಿ ನಾವು ಕೇಳಿ ಬೆಳೆದದ್ದೂ ಇಂಥದೇ ದನಿಯನ್ನಲ್ಲವೇ?

ರಿಪೇರಿಯವರು ಮಾತ್ರ ತಲೆದೂಗಲಿಲ್ಲ. 77 ಗೆರೆಗಳಿದ್ದ ಒಂದು ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು ದೀಪ ಹಿಡಿದರು. ವೇಗ ಸರಿಯಿದ್ದರೆ, ನಮ್ಮ 50 ಸೈಕಲ್ ಕರೆಂಟಿನ ದೀಪದಡಿ ಆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣಬೇಕು. ಇಲ್ಲಿ ಅವು ಹಿಂದಕ್ಕೆ ಸರಿಯುತ್ತಿದ್ದವು. ಒಳಗಿನ ರಬ್ಬರ್ ಗಾಲಿ ಗಟ್ಟಿಯಾಗಿ ಜಾರುತ್ತಿತ್ತು. ನಿಮಿಷಕ್ಕೆ 78 ಸುತ್ತಬೇಕಾದ ತಟ್ಟೆ 70ರ ಆಸುಪಾಸಿನಲ್ಲಿತ್ತು. ಅಷ್ಟಕ್ಕೇ ಶ್ರುತಿ ಹೆಚ್ಚುಕಡಿಮೆ ಎರಡು ಸ್ವರಸ್ಥಾನ ಇಳಿಯುತ್ತದೆ. ಮುಳ್ಳೂ ತಪ್ಪಾಗಿತ್ತು. ಎಲ್‌ಪಿಯ ಸಣ್ಣ ಮುಳ್ಳು ಈ ಅಗಲ ಗೀರಿನ ತಳಕ್ಕಿಳಿದು ಬರೀ ಕರಕರ ಎನ್ನುತ್ತಿತ್ತು.

ಗಾಲಿ ಬದಲಾಯಿತು, ಮುಳ್ಳು ಬದಲಾಯಿತು. ಈಗ ಬಂದದ್ದು ಎತ್ತರದ, ಸಣ್ಣನೆಯ, ಚುರುಕಾದ ದನಿ.

"ಈ ಹುಡುಗಿ ಯಾರ?" ಎಂದಳು ಅವ್ವ.

ಹೌದು, ಹುಡುಗಿಯೇ. 1913ರಲ್ಲಿ ಹುಟ್ಟಿದ ಗಂಗೂಬಾಯಿಯವರಿಗೆ ಆಗ ಇಪ್ಪತ್ತರ ಆಚೀಚೆ. ನಾವು ಬಲ್ಲ ಆ ಗಂಡುಗಂಭೀರ ದನಿ ಬಂದದ್ದು ಮುಂದೆ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಅಂದರೆ ಮೊದಲು ನಾವು ಮೆಚ್ಚಿದ್ದು ಅವರ ದನಿಯನ್ನಲ್ಲ, ಸವೆದ ಗಾಲಿಯನ್ನು!

"ಹಳೆಯ ಪೆಟ್ಟಿಗೆಯ ನಾದವೇ ಬೇರೆ" ಎನ್ನುವವರ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಬೇರೆಯೇ, ನಿಜ. ಆದರೆ ಆ ಬೇರೆತನದಲ್ಲಿ ಗಾಯಕಿಯದೆಷ್ಟು, ಯಂತ್ರದ ಮುಪ್ಪಿನದೆಷ್ಟು, ನಮ್ಮ ನೆನಪಿನ ಹಂಬಲದ್ದೆಷ್ಟು? ಮರಕ್ಕೆ ಪಾಲಿಶ್ ಹೊಡೆದು ಪಡಸಾಲೆಯ ಅಂದಕ್ಕೆ ಇಡುವವರು ಈ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ರಿಪೇರಿ ಎಂದರೆ ನಮಗೆ ಹಿತವಾದದ್ದನ್ನು ಉಳಿಸಿಕೊಳ್ಳುವುದಲ್ಲ, ಇದ್ದದ್ದನ್ನು ಇದ್ದ ಹಾಗೆ ಕೇಳುವುದು. ಅದಕ್ಕಾಗಿ ಹಿತವಾದದ್ದನ್ನು ಬಿಟ್ಟುಕೊಡಬೇಕಾಗಲೂಬಹುದು.

ಹಾಗೆ ಕೇಳಿದರೆ ಈ ತಟ್ಟೆಯಲ್ಲಿ ಕೊರತೆಯೂ ಕಾಣುತ್ತದೆ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ರಾಗ ಅರಳುವ ಮೊದಲೇ ತಾನುಗಳು ಓಡೋಡಿ ಬರುತ್ತವೆ. ಮುಂದೆ ಒಂದೊಂದೇ ಸ್ವರವನ್ನು ನಿಧಾನವಾಗಿ ಕಟ್ಟಿದ ಆ ದೊಡ್ಡ ಗಾಯಕಿ ಇಲ್ಲಿ ಇನ್ನೂ ಇಲ್ಲ. ಇಲ್ಲಿರುವುದು ಅವಸರ, ಮತ್ತು ಅವಸರದಲ್ಲೂ ತಪ್ಪದ ಶ್ರುತಿ. ಮಗಳ ಹಿಂದೂಸ್ತಾನಿಗೆ ತೊಡಕಾಗದಿರಲೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದ್ದರಂತೆ. ಆ ಬೆಲೆ ತೆತ್ತು ಉಳಿದ ದನಿಯನ್ನು ನಮ್ಮ ಇಷ್ಟಕ್ಕೆ ತಕ್ಕಂತೆ ದಪ್ಪ ಮಾಡಿ ಕೇಳುವುದು ನ್ಯಾಯವಲ್ಲ.

ಹಾಡು ಮುಗಿಯಿತು. "ಇನ್ನೊಮ್ಮೆ ಹಚ್ಚು" ಎಂದಳು ಅವ್ವ.

"ನೀನ ಹಚ್ಚವ್ವ."

ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಮುಳ್ಳನ್ನು ಎತ್ತಿ ತಟ್ಟೆಯ ಅಂಚಿಗೆ ತಂದು ಇಳಿಸಿದಳು. ಕೈ ನಡುಗಲಿಲ್ಲ.