ಚರಗದ ಬಂಡಿ ಮತ್ತು ನಮ್ಮ ಗ್ರಾಮವರ್ಣನೆಗಳು: ಒಂದು ವಿಮರ್ಶೆ

ಹಳ್ಳಿಯನ್ನು ಕುರಿತು ಕನ್ನಡದಲ್ಲಿ ಹುಟ್ಟಿರುವ ಗದ್ಯವು ಅಲ್ಪವಲ್ಲ. ಪ್ರಬಂಧ, ಕಾದಂಬರಿ, ಆತ್ಮಕಥೆ, ಊರಿನ ಚರಿತ್ರೆ, ಜಾನಪದ ಸಂಗ್ರಹಗಳ ಪೀಠಿಕೆ, ಹೀಗೆ ಅದು ನಾನಾ ರೂಪಗಳಲ್ಲಿ ಬೆಳೆದಿದೆ. ಇವುಗಳಲ್ಲಿ ಹಬ್ಬದ ವರ್ಣನೆ ಬಂದಾಗಲೆಲ್ಲ ಒಂದು ವಾಕ್ಯವು ತಪ್ಪದೆ ಕಾಣಿಸಿಕೊಳ್ಳುತ್ತದೆ: ಆ ದಿನ ಇಡೀ ಊರು ಮೇಲುಕೀಳೆಂಬ ಭೇದವನ್ನು ಮರೆತು ಒಂದೇ ಕುಟುಂಬದಂತೆ ಕೂಡುತ್ತದೆ, ಎಂಬುದು. ಸ್ಥಳೀಯ ಚರಿತ್ರೆಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ವರ್ಷವರ್ಷವೂ ಒಪ್ಪಿಸುವ ಪ್ರಬಂಧಗಳಲ್ಲಿಯೂ ಇದೇ ವಾಕ್ಯವು ಅಲ್ಪಸ್ವಲ್ಪ ಬದಲಾವಣೆಯೊಡನೆ ನಮಗೆ ದೊರೆಯುತ್ತದೆ. ಬರೆದವನು ಅದನ್ನು ಕಂಡು ಬರೆದನೋ, ಓದಿ ಬರೆದನೋ ಎಂದು ನಿರ್ಣಯಿಸುವುದು ಕಷ್ಟ. ಭಾವಗೀತೆಗೆ ಈ ವಾಕ್ಯವು ಒಪ್ಪಬಹುದು. ಇತಿಹಾಸದ ವಿದ್ಯಾರ್ಥಿಯು ಮಾತ್ರ ಇಲ್ಲಿ ತುಸು ನಿಲ್ಲಬೇಕಾಗುತ್ತದೆ. ಕೂಡಿದವರು ಯಾರು, ಯಾರ ಹೊಲದಲ್ಲಿ, ಯಾರು ಬೇಯಿಸಿದ ಅನ್ನವನ್ನು ಉಂಡರು ಎಂಬ ಪ್ರಶ್ನೆಗಳನ್ನು ಆ ವಾಕ್ಯವು ಮುಚ್ಚಿಬಿಡುತ್ತದೆ. ಉತ್ತರ ಕರ್ನಾಟಕದ ಎಳ್ಳಮವಾಸ್ಯೆಯ ಚರಗವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾರ್ಗಶಿರ ಬಹುಳ ಅಮಾವಾಸ್ಯೆಯಂದು, ಎಂದರೆ ಡಿಸೆಂಬರ್ ಕೊನೆಗೋ ಜನವರಿಯ ಮೊದಲ ಭಾಗಕ್ಕೋ, ವಿಜಯಪುರ, ಕಲಬುರಗಿ, ಬೀದರ ಮೊದಲಾದ ಜಿಲ್ಲೆಗಳ ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಎತ್ತುಗಳ ಮೈತೊಳೆದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲು ಹೊದಿಸಿ, ಚಕ್ಕಡಿ ಹೂಡುವುದು ಹಿಂದಿನ ಕ್ರಮ. ಈಗ ಹಲವೆಡೆ ಟ್ರ್ಯಾಕ್ಟರಿನ ಡಬ್ಬಿಯು ಆ ಕೆಲಸವನ್ನು ಮಾಡುತ್ತದೆ, ಪಟ್ಟಣಕ್ಕೆ ಸೇರಿದ ಮಕ್ಕಳು ಕಾರಿನಲ್ಲಿ ಬರುತ್ತಾರೆ. ಹೊಲದಲ್ಲಿ ಐದು ಕಲ್ಲುಗಳನ್ನು ಆಯ್ದು, ಸುಣ್ಣ ಬಳಿದು, ಪಾಂಡವರೆಂದು ಇಟ್ಟು ಪೂಜಿಸುತ್ತಾರೆ. ತಂದ ಅಡಿಗೆಯನ್ನು ಎಡೆ ಮಾಡಿ, ಅದರಲ್ಲಿ ಸ್ವಲ್ಪವನ್ನು ಬೆಳೆಯ ನಡುವೆ ನಾಲ್ಕು ದಿಕ್ಕಿಗೂ ಚೆಲ್ಲುತ್ತಾರೆ. ಈ ಚೆಲ್ಲುವಿಕೆಗೇ ಚರಗವೆಂದು ಹೆಸರು. ಆ ಬಳಿಕ ಬದುವಿನ ಮೇಲೆಯೋ ಬನ್ನಿಯ ಗಿಡದ ನೆರಳಿನಲ್ಲಿಯೋ ಊಟ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು, ಗುರೆಳ್ಳು ಚಟ್ನಿ. ಕಲಬುರಗಿ, ಬೀದರಗಳ ಕಡೆ ಹತ್ತಾರು ಕಾಯಿ, ಕಾಳು, ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಅದರ ಜೊತೆಗೆ ಅಂಬಲಿ. ಇಷ್ಟನ್ನು ಒಂದು ದಿನದಲ್ಲಿ ಮಾಡಲಾಗುವುದಿಲ್ಲವೆಂಬುದನ್ನು ಮನೆಯ ಹೆಂಗಸರು ಬಲ್ಲರು. ರೊಟ್ಟಿ ತಟ್ಟುವ ಕೆಲಸ ಮುನ್ನಾ ದಿನಗಳಿಂದಲೇ ಆರಂಭವಾಗುತ್ತದೆ.

ತಿಥಿಯ ವಿಷಯದಲ್ಲಿ ಗಮನಿಸಬೇಕಾದ ಒಂದಂಶವಿದೆ. ಧಾರವಾಡ, ಹಾವೇರಿ, ಬೆಳಗಾವಿ ಸೀಮೆಗಳಲ್ಲಿ ಚರಗವು ಆಶ್ವಯುಜದ ಸೀಗಿ ಹುಣ್ಣಿಮೆಯಂದು ನಡೆಯುತ್ತದೆ. ಎರಡು ಬೆಳೆಗಳೂ ಇರುವಲ್ಲಿ ಎರಡು ಸಲ ನಡೆಯುವುದುಂಟು. ಇದಕ್ಕೆ ಕಾರಣವನ್ನು ಪುರಾಣಗಳಲ್ಲಿ ಹುಡುಕಬೇಕಾಗಿಲ್ಲ. ಸೀಗಿಯ ಹೊತ್ತಿಗೆ ಮುಂಗಾರಿ ಬೆಳೆಯು ತೆನೆಗಟ್ಟಿ ನಿಂತಿರುತ್ತದೆ. ಎಳ್ಳಮವಾಸ್ಯೆಯ ಹೊತ್ತಿಗೆ ಎರೆಭೂಮಿಯ ಹಿಂಗಾರಿ ಜೋಳ, ಕಡಲೆ, ಕುಸುಬಿಗಳು ಆ ಸ್ಥಿತಿಗೆ ಬಂದಿರುತ್ತವೆ. ಫಲ ತುಂಬಿದ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಕಲ್ಪನೆಯು ಎರಡರಲ್ಲಿಯೂ ಒಂದೇ. ಮಲೆನಾಡಿನ ಭೂಮಿ ಹುಣ್ಣಿಮೆಯೂ ಇದೇ ಕುಲದ್ದು. ಅಲ್ಲಿ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ತುಂಬಿ ಬೆಳಗಿನ ಜಾವದಲ್ಲಿ ಗದ್ದೆಗೆ ಒಯ್ಯುತ್ತಾರೆ. ಆದುದರಿಂದ ಯಾವ ಊರಿನಲ್ಲಿ ಚರಗವು ಯಾವ ದಿನ ಎಂಬುದು ಆ ಊರಿನ ಮಣ್ಣು ಮತ್ತು ಬೆಳೆಗಳ ಬಗೆಗೆ ಒಂದು ಸಾಕ್ಷ್ಯವೇ ಆಗುತ್ತದೆ. ಬಿತ್ತನೆ, ಕಳೆ, ಎಡೆಹೊಡೆಯುವ ಕೆಲಸಗಳು ಮುಗಿದು ಕೊಯ್ಲು ಇನ್ನೂ ಬಾರದ ಆ ಬಿಡುವು ದೊರೆಯದಿದ್ದರೆ ನೆಂಟರಿಷ್ಟರನ್ನು ಕರೆದು ಒಂದು ಹಗಲನ್ನು ಹೊಲದಲ್ಲಿ ಕಳೆಯುವುದು ಒಕ್ಕಲಿಗನಿಗೆ ಸಾಧ್ಯವಾಗುತ್ತಿರಲಿಲ್ಲ.

ಇಂಥ ಕೂಟದ ಚರಿತ್ರೆಯನ್ನು ಬರೆಯಹೊರಟರೆ ಶಾಸನಗಳು ನಮಗೆ ಹೆಚ್ಚು ನೆರವಾಗುವುದಿಲ್ಲ. ದೇವಾಲಯದ ಚೈತ್ರ ಪವಿತ್ರಗಳಿಗೆ, ಛತ್ರದ ಅನ್ನದಾನಕ್ಕೆ ಭೂಮಿಯನ್ನು ಬಿಟ್ಟವರು ಕಲ್ಲಿನ ಮೇಲೆ ಬರೆಯಿಸಿದರು. ತನ್ನ ಹೊಲದ ಬದುವಿನಲ್ಲಿ ತನ್ನ ತಂಗಿಗೆ ಊಟವಿಕ್ಕಿದವನು ಏನನ್ನೂ ಬರೆಯಿಸಲಿಲ್ಲ. ದತ್ತಿಯಿಲ್ಲದ ಉತ್ಸವಕ್ಕೆ ದಾಖಲೆಯಿಲ್ಲ. ಹೀಗಿರುವುದರಿಂದ ಈಚಿನ ಶತಮಾನಗಳ ಬರಹಗಳನ್ನೇ ನಾವು ಆಶ್ರಯಿಸಬೇಕು. ಆಶ್ರಯಿಸುವ ಮುನ್ನ ಅವುಗಳ ಬೆಲೆಯನ್ನು ಕಟ್ಟಬೇಕು.

ಮೊದಲನೆಯದು ಸರ್ಕಾರಿ ಗ್ಯಾಸೆಟಿಯರು. ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಧಾರವಾಡ ಮತ್ತು ವಿಜಾಪುರ ಸಂಪುಟಗಳು ಇಂದಿಗೂ ನಮ್ಮ ನಿತ್ಯದ ಆಕರಗಳು. 1876-78ರ ಬರಗಾಲದ ನೆನಪು ಮಾಸುವ ಮೊದಲೇ ಸಿದ್ಧವಾದ ಈ ಗ್ರಂಥಗಳ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವುಗಳ ಕಟ್ಟು ಆಡಳಿತದ್ದು. ಜಾತ್ರೆಯು ಅವುಗಳಲ್ಲಿ ಬರುವುದು ವ್ಯಾಪಾರದ ಅಂಗವಾಗಿ, ನೆರೆಯುವ ಜನರ ಎಣಿಕೆಯೊಡನೆ. ಮದುವೆಯು ಬರುವುದು ಒಂದೊಂದು ಜಾತಿಯ ಕೆಳಗೆ, ತಗಲುವ ಖರ್ಚಿನೊಡನೆ. ಎಣಿಸಬಹುದಾದುದನ್ನು ಎಣಿಸುವುದು ಕಲೆಕ್ಟರನಿಗೆ ಸಹಜವೇ. ಬೇರೆಬೇರೆ ಊರುಗಳಲ್ಲಿ ಹಂಚಿಹೋಗಿರುವ ಒಂದು ಮನೆತನವು ವರ್ಷದಲ್ಲಿ ಯಾವಾಗ, ಯಾವ ನೆಪದಿಂದ ಒಟ್ಟಿಗೆ ಕೂಡುತ್ತದೆ ಎಂಬ ಪ್ರಶ್ನೆ ಜಾತಿಯ ಶೀರ್ಷಿಕೆಯ ಕೆಳಗೂ ಹೊಂದದು, ಕಂದಾಯದ ಶೀರ್ಷಿಕೆಯ ಕೆಳಗೂ ಹೊಂದದು.

ಎರಡನೆಯದು ಲಲಿತಪ್ರಬಂಧ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಪ್ರಕಟವಾಯಿತು. ಅವರ ಹಳ್ಳಿಯು ಹಾಸನ ಜಿಲ್ಲೆಯ ಹೇಮಾವತಿಯ ದಂಡೆಯದು. ಎಳ್ಳಮವಾಸ್ಯೆಯ ನಾಡಿಗೂ ಅದಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಅವರನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಹಳ್ಳಿಯನ್ನು ಹೇಗೆ ವರ್ಣಿಸಬೇಕೆಂಬುದಕ್ಕೆ ಕನ್ನಡಿಗರಿಗೆ ದೊರೆತ ಮಾದರಿಗಳಲ್ಲಿ ಅವರದು ಪ್ರಮುಖವಾದುದು. ಬಯಲುಸೀಮೆಯ ಲೇಖಕರೂ ತಮ್ಮ ಊರಿನ ಬಗೆಗೆ ಬರೆಯುವಾಗ ಅದೇ ನಗೆಯನ್ನು, ಅದೇ ಮಮತೆಯನ್ನು ತಂದುಕೊಂಡರು. ಗೊರೂರರ ನಗೆಯಲ್ಲಿ ತಿರಸ್ಕಾರದ ಲೇಶವೂ ಇಲ್ಲವೆಂಬುದು ಅವರ ದೊಡ್ಡ ಗುಣ. ಗಾಂಧೀಜಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ಬಿಟ್ಟ ಅವರಿಗೆ ಹಳ್ಳಿಯು ಶ್ರದ್ಧೆಯ ವಿಷಯವೂ ಆಗಿತ್ತು. ಆದರೆ ಮಮತೆಯಿಂದ ನೋಡುವ ಕಣ್ಣಿಗೆ ಊರಿನವರೆಲ್ಲರೂ ಒಂದೇ ಮನೆಯವರಂತೆ ಕಾಣುವುದು ಸ್ವಾಭಾವಿಕ. ಗೊರೂರರಲ್ಲಿ ಇದು ಅನುಭವದಿಂದ ಬಂದ ದೃಷ್ಟಿ. ಅವರ ಅನುಕರಣಕಾರರಲ್ಲಿ ಇದು ಅಲಂಕಾರವಾಯಿತು. ಮೊದಲಲ್ಲಿ ಹೇಳಿದ ಆ ವಾಕ್ಯದ ಹುಟ್ಟು ಈ ಅನುಕರಣೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಸಮಾಜಶಾಸ್ತ್ರಜ್ಞನ ಬರಹ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ, ಅದಕ್ಕೆ ರಾಮಪುರವೆಂಬ ಹೆಸರನ್ನಿಟ್ಟು ಅಧ್ಯಯನ ಮಾಡಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆ ಬಳಿಕ ಮುಖ್ಯವಾಗಿ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ನೆನಪನ್ನು ಆಕರವಾಗಿ ಒಪ್ಪಬಹುದೇ ಎಂಬ ಆಕ್ಷೇಪಕ್ಕೆ ಇತಿಹಾಸಕಾರನಾದವನು ಅಷ್ಟಾಗಿ ಬೆಚ್ಚಬೇಕಾಗಿಲ್ಲ. ನಮ್ಮ ಬಖರುಗಳು, ಕೈಫಿಯತ್ತುಗಳಲ್ಲಿ ಬಹುಭಾಗ ಮತ್ತೇನು? ನಮಗೆ ಮುಖ್ಯವೆನಿಸುವುದು ಬೇರೆ. ತಾನು ಮೇಲುಜಾತಿಯ, ಮದುವೆಯಾಗದ ಗಂಡಸಾಗಿದ್ದುದರಿಂದ ಹೆಂಗಸರ ಲೋಕವೂ ಹರಿಜನ ಕೇರಿಯ ಬಾಳೂ ತನಗೆ ಪೂರ್ತಿ ತೆರೆಯಲಿಲ್ಲವೆಂಬುದನ್ನು ಶ್ರೀನಿವಾಸರು ಮರೆಮಾಚಲಿಲ್ಲ. ಇಲ್ಲಿ ಎತ್ತಿಕೊಂಡಿರುವ ಗ್ರಂಥಕರ್ತರಲ್ಲಿ ತನ್ನ ನೋಟದ ಎಲ್ಲೆಯನ್ನು ತಾನೇ ಗೆರೆ ಎಳೆದು ತೋರಿಸಿದವರು ಅವರೊಬ್ಬರೇ. ನಮ್ಮ ವಿದ್ಯಾರ್ಥಿಗಳು ಆ ಗ್ರಂಥದಿಂದ ಪ್ರಬಲ ಜಾತಿಯ ಲಕ್ಷಣವನ್ನು ಉರುಹೊಡೆಯುತ್ತಾರೆ. ಈ ಗೆರೆಯನ್ನು ಗಮನಿಸುವುದಿಲ್ಲ.

ಹೆಂಗಸರ ಮಾತು ಬೇಕೆಂದರೆ ನಾವು ಹೋಗಬೇಕಾದುದು ‘ಗರತಿಯ ಹಾಡು’ ಸಂಕಲನಕ್ಕೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರಿದ್ದ ಹಲಸಂಗಿಯ ಗೆಳೆಯರ ಬಳಗವು ಬೀಸುಕಲ್ಲಿನ ಮುಂದೆ ಕುಳಿತವರ ಬಾಯಿಂದ ಈ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಪ್ರಕಟಿಸಿತು. ಹಲಸಂಗಿಯು ವಿಜಯಪುರ ಜಿಲ್ಲೆಯದು, ಎಂದರೆ ಚರಗದ ನಾಡಿನದೇ. ಸಾಹಿತ್ಯ ವಿಮರ್ಶಕರು ಈ ಹಾಡುಗಳಲ್ಲಿ ಕಾವ್ಯಗುಣವನ್ನು ಕಂಡು ಕೊಂಡಾಡಿದ್ದಾರೆ, ಅದು ಯುಕ್ತವೇ. ಆದರೆ ಈ ಬಗೆಯ ಹಾಡುಗಳಲ್ಲಿ ತವರಿನ ವಿಷಯವು ಎಷ್ಟು ಸಲ, ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ನೋಡಿದವರು ವಿರಳ. ತಾಯಿ ಬದುಕಿರುವಾಗಿನ ತವರು ಬೇರೆ, ತಾಯಿ ತೀರಿಕೊಂಡು ಅತ್ತಿಗೆಯ ಕೈಗೆ ಬಂದ ತವರು ಬೇರೆ. ಪಂಚಮಿಗೆ ಅಣ್ಣ ಕರೆಯಲು ಬರುವನೋ ಇಲ್ಲವೋ ಎಂಬ ಕಾತರವು ಬರಿಯ ಮಮತೆಯ ಮಾತಲ್ಲ. ತಂದೆಯ ಹೊಲಕ್ಕೆ ಹಕ್ಕುದಾರರು ಗಂಡುಮಕ್ಕಳು. ಮಗಳಿಗೆ ಅಲ್ಲಿ ಸಲ್ಲುತ್ತಿದ್ದುದು ಕರೆಯಿಸಿಕೊಳ್ಳುವ ಮರ್ಯಾದೆಯೊಂದೇ. ಆ ಕರೆ ನಿಂತುಹೋದರೆ ಅವಳಿಗೂ ಆ ನೆಲಕ್ಕೂ ಇದ್ದ ಸಂಬಂಧ ಮುಗಿದಂತೆ. ಹಾಡಿನಲ್ಲಿ ಅತ್ತಿಗೆಯು ಕೆಟ್ಟವಳಾಗಿಯೇ ಬರುವುದು ಆ ಪ್ರಕಾರದ ರೂಢಿಯೆಂದು ಒಪ್ಪೋಣ. ತ್ರಿಪದಿಯು ಅಫಿಡವಿಟ್ ಅಲ್ಲ. ಆದರೆ ರೂಢಿಯೊಂದು ಬೇರುಬಿಟ್ಟು ನಿಲ್ಲಲು ಅದರ ಹಿಂದೆ ಆಸ್ತಿಯ ಒಂದು ವ್ಯವಸ್ಥೆ ಇರಲೇಬೇಕು.

ಈ ಬೆಳಕಿನಲ್ಲಿ ಎಳ್ಳಮವಾಸ್ಯೆಯ ಬಂಡಿಯನ್ನು ಮತ್ತೆ ನೋಡಬೇಕು. ಇರಾವತಿ ಕರ್ವೆಯವರು 1953ರ ತಮ್ಮ ಬಂಧುತ್ವ ಗ್ರಂಥದಲ್ಲಿ, ದಕ್ಷಿಣದವರು ಗೊತ್ತಿದ್ದ ನೆಂಟರೊಳಗೇ ಮತ್ತೆ ಹೆಣ್ಣು ಕೊಟ್ಟು ತರುವುದರಿಂದ ಇಲ್ಲಿಯ ಸೊಸೆಗೆ ಗಂಡನ ಮನೆಯು ಉತ್ತರದಲ್ಲಿರುವಷ್ಟು ಪರಕೀಯವಲ್ಲವೆಂದು ತೋರಿಸಿದರು. ಅಕ್ಕನ ಮಗಳನ್ನು ತಂದುಕೊಳ್ಳುವ ಮನೆತನದಲ್ಲಿ ಚರಗಕ್ಕೆ ಬಂದ ಅಕ್ಕನು ನೆಂಟಳೂ ಹೌದು, ಬೀಗಿತ್ತಿಯೂ ಹೌದು. ಹೊಲದ ಊಟದಲ್ಲಿ ಹರಟೆಯಷ್ಟೇ ನಡೆಯುತ್ತದೆಂದು ತಿಳಿಯುವುದು ಭೋಳೆತನ. ಮುಂದಿನ ಬೇಸಗೆಯ ಮದುವೆಯ ಮಾತು, ಹಿರಿಯರ ಕಾಲದ ಸಾಲದ ಮಾತು, ಪಾಲಿನ ಮಾತು ಇವುಗಳಿಗೆಲ್ಲ ಅದು ತಕ್ಕ ಸ್ಥಳ. ಬೆಳೆಯು ಕಣ್ಣೆದುರಿಗೇ ನಿಂತಿರುತ್ತದೆ, ಈ ವರ್ಷ ಎಷ್ಟು ಚೀಲ ಆದೀತೆಂದು ಯಾರಾದರೂ ಅಳೆಯಬಹುದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನ ಸಮನಾದ ಹಕ್ಕು ಬಂದ ಮೇಲೆ ಈ ಕರೆಯ ಅರ್ಥವೇ ಬದಲಾಗಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದ ತಂಗಿಯನ್ನೂ ಹಾಕದ ತಂಗಿಯನ್ನೂ ಒಂದೇ ಬಗೆಯಾಗಿ ಚರಗಕ್ಕೆ ಕರೆಯುತ್ತಾರೆಯೇ ಎಂಬುದು ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಯು ಕೇಳಬಹುದಾದ ಪ್ರಶ್ನೆ. ಭಜ್ಜಿಗೆ ಎಷ್ಟು ಬಗೆಯ ಕಾಳು ಹಾಕುತ್ತಾರೆಂಬ ಪಟ್ಟಿಗಿಂತ ಅದು ಉಪಯುಕ್ತವಾದೀತು.

ಇನ್ನು ಹೊಲವಿಲ್ಲದವರ ಮಾತು. ಇಡೀ ಊರು ಹೊಲಕ್ಕೆ ಹೋಯಿತೆಂದು ಬರೆಯುವಾಗ, ಹೋಗಲು ಹೊಲವೇ ಇಲ್ಲದ ಮನೆಗಳನ್ನು ಊರಿನ ಲೆಕ್ಕದಿಂದ ನಾವು ತೆಗೆದುಹಾಕಿರುತ್ತೇವೆ. ಕೂಲಿಯವನೂ ಸಂಬಳದಾಳೂ ಆ ದಿನ ಹೊಲದಲ್ಲಿರುವುದು ಸಾಧ್ಯ. ಊಟವೂ ಅವರಿಗೆ ಉಂಟು, ಅದು ಧಾರಾಳವಾಗಿಯೂ ಇರಬಹುದು. ಆದರೆ ಬಂಡಿ ಹೂಡುವವನಾಗಿ, ನೀರು ತರುವವನಾಗಿ ಅಲ್ಲಿರುವುದು ಬೇರೆ. ತನ್ನ ಮನೆಯಿಂದ ಬುತ್ತಿ ತಂದು ತನ್ನ ನೆಂಟರಿಗೆ ಬಡಿಸುವುದು ಬೇರೆ. ಯಾರಿಗೆ ಮೊದಲು ಬಡಿಸಿದರು, ಯಾರು ಎಷ್ಟು ದೂರದಲ್ಲಿ ಕುಳಿತರು, ಉಳಿದ ರೊಟ್ಟಿಯ ಗಂಟು ಯಾರ ಕೈಯಲ್ಲಿ ಮರಳಿತು ಎಂಬ ವಿವರಗಳಿಂದ ಜಾತಿಯ ಚರಿತ್ರೆಯು ಹೆಚ್ಚು ಸ್ಪಷ್ಟವಾಗುತ್ತದೆ. ಭೇದವನ್ನು ಮರೆತರೆಂಬ ವಾಕ್ಯವು ಈ ವಿವರಗಳನ್ನು ಕಲೆಹಾಕುವ ಶ್ರಮವನ್ನೇ ತಪ್ಪಿಸುತ್ತದೆ.

ಲಾವಣಿಗೆ ಹೊಲ ಮಾಡುತ್ತಿದ್ದವರದು ಇನ್ನೂ ಸೂಕ್ಷ್ಮವಾದ ಸ್ಥಿತಿ. ದುಡಿಮೆ ಅವರದು, ನೆಲ ಇನ್ನೊಬ್ಬರದು. ಹಾಗಿರುವಲ್ಲಿ ಐದು ಕಲ್ಲನ್ನು ಇಡತಕ್ಕವರು ಯಾರು? ಕರ್ನಾಟಕದ 1961ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಅರ್ಜಿ ಹಾಕಿ ಭೂನ್ಯಾಯಮಂಡಳಿಗಳ ಮುಂದೆ ತಮ್ಮ ಸಾಗುವಳಿಯನ್ನು ಸ್ಥಾಪಿಸಬೇಕಾಯಿತು. ಆ ಮೊಕದ್ದಮೆಗಳನ್ನು ನಾವು ಈವರೆಗೆ ಕಾನೂನಿನ ಮತ್ತು ರಾಜಕೀಯದ ಇತಿಹಾಸಕ್ಕೆ ಮಾತ್ರ ಬಳಸಿಕೊಂಡಿದ್ದೇವೆ. ಅಂದು ಇಪ್ಪತ್ತೈದು ಮೂವತ್ತರ ಪ್ರಾಯದಲ್ಲಿದ್ದು ತಂದೆಯ ಜೊತೆಗೆ ಮಂಡಳಿಯ ಮುಂದೆ ನಿಂತವರು ಈಗ ಎಪ್ಪತ್ತೈದು ಎಂಬತ್ತನ್ನು ಮುಟ್ಟಿದ್ದಾರೆ. ಹೊಲ ತಮ್ಮ ಹೆಸರಿಗಾದ ವರ್ಷದ ಚರಗಕ್ಕೆ ಯಾರನ್ನು ಕರೆದಿದ್ದರು, ಹಳೆಯ ಒಡೆಯರ ಮನೆಗೆ ಎಡೆಯನ್ನು ಕಳುಹಿಸಿದರೋ ಬಿಟ್ಟರೋ, ಕಳುಹಿಸಿದ್ದರೆ ಅವರು ಸ್ವೀಕರಿಸಿದರೋ ಎಂಬುದನ್ನು ಆ ಹಿರಿಯರಿಂದಲೂ, ಅಂದು ಅಡಿಗೆ ಮಾಡಿದ ಅವರ ಮನೆಯ ಹೆಂಗಸರಿಂದಲೂ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಬೇಕಾಗಿದೆ. ಎರಡು ಹೇಳಿಕೆಗಳೂ ಒಂದೇ ಆಗಿರಬೇಕೆಂದೇನೂ ಇಲ್ಲ.