ಗಿರಣಿಯ ಫೋಟೋದಲ್ಲಿ ಯಾರಿಲ್ಲ

ಹಳೆಯ ಗಿರಣಿಯ ಫೋಟೋ ಎಂದರೆ ಈಗ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ತುಕ್ಕು ಹಿಡಿದ ತಗಡಿನ ಸೂರು, ಅದರ ತೂತುಗಳಿಂದ ಇಳಿಯುವ ಬಿಸಿಲುಕೋಲು, ಗೋಡೆ ಸೀಳಿ ಬೆಳೆದ ಅರಳಿ ಗಿಡ, ಹಿನ್ನೆಲೆಯಲ್ಲಿ ಒಂಟಿ ಚಿಮಣಿ. ತೆಗೆದದ್ದು ರಾಯಚೂರಿನಲ್ಲೋ, ಹುಬ್ಬಳ್ಳಿಯಲ್ಲೋ, ದಾವಣಗೆರೆಯಲ್ಲೋ ಹೇಳಲಾಗದಷ್ಟು ಒಂದು ಇನ್ನೊಂದನ್ನು ಹೋಲುತ್ತದೆ. ಬಣ್ಣ ತುಸು ಇಳಿಸಿ, ನೆರಳು ತುಸು ಏರಿಸಿ, ಕೆಳಗೆ ‘ಅಳಿದ ವೈಭವ’ ಎಂದು ಬರೆದರೆ ಕೆಲಸ ಮುಗಿಯಿತು. ಹೀಗೆ ತೆಗೆಯುವ ನಮ್ಮ ಭಾಗದ ಹುಡುಗರ ಕೈ ಪಳಗಿದೆ, ಬೆಳಕಿನ ಅರಿವೂ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಈ ರೂಢಿಯ ಮೇಲೆ ನನ್ನ ತಕರಾರು ಗಟ್ಟಿಯಾಗಿದೆ. ಈ ಚಿತ್ರಗಳಲ್ಲಿ ಕಟ್ಟಡ ಸತ್ತದ್ದು ಕಾಣುತ್ತದೆ, ಅದು ಬದುಕಿದ್ದು ಕಾಣುವುದಿಲ್ಲ. ದುಡಿದವರು ಯಾರು, ಏನು ಮಾಡುತ್ತಿದ್ದರು, ಬಾಗಿಲಿಗೆ ಬೀಗ ಬಿದ್ದ ಮೇಲೆ ಎಲ್ಲಿ ಹೋದರು ಎಂಬ ಪ್ರಶ್ನೆ ಅವುಗಳ ಅಂಚಿಗೂ ಬರುವುದಿಲ್ಲ.

ರಾಯಚೂರಿಗೆ ಗಿರಣಿ ಬಂದ ದಾರಿಯನ್ನು ನೆನೆದರೆ ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. 1871ರಲ್ಲಿ ಮುಂಬೈ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ ಬಂದು ಕೂಡಿದ್ದು ಇಲ್ಲೇ. ನಿಜಾಮರ ಸೀಮೆಯ ಈ ಊರಿನಿಂದ ಹತ್ತಿ ಎರಡು ಬಂದರುಗಳಿಗೂ ಹೋಗುವಂತಾಯಿತು. ನಮ್ಮ ಕುರ್ಡಿ ಕಡೆಯ ಎರೆ ಹೊಲಗಳಿಂದ, ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ಹತ್ತಿ ಗಾಡಿಗಳು ಹೋಗುತ್ತಿದ್ದುದು ಈ ಪೇಟೆಗೇ. ಇವತ್ತಿಗೂ ಟ್ರ್ಯಾಕ್ಟರುಗಳು ರಾಜೇಂದ್ರ ಗಂಜಿನ ಕಡೆಗೇ ತಿರುಗುತ್ತವೆ. ಒಂದು ಕ್ವಿಂಟಲ್ ಹತ್ತಿಯನ್ನು ಜಿನ್‌ಗೆ ಕೊಟ್ಟರೆ ಸುಮಾರು ಮೂರನೇ ಒಂದು ಭಾಗ ಅರಳೆ, ಉಳಿದದ್ದು ಬಹುಪಾಲು ಕಾಳು. ಅರಳೆ ಪ್ರೆಸ್ಸಿಗೆ ಹೋಗಿ 170 ಕಿಲೋದ ಅಂಡಿಗೆಯಾಗುತ್ತದೆ. ಕಾಳು ಎಣ್ಣೆ ಗಿರಣಿಗೆ ಹೋಗುತ್ತದೆ, ಅಲ್ಲಿಂದ ಹೊರಬಿದ್ದ ಹಿಂಡಿ ಮತ್ತೆ ಹಳ್ಳಿಗೆ ಬಂದು ಎಮ್ಮೆಯ ಬಾಯಿ ಸೇರುತ್ತದೆ. ಜಿನ್, ಪ್ರೆಸ್, ಎಣ್ಣೆ ಗಿರಣಿ, ಗೋದಾಮು, ದಲಾಲಿ ಅಂಗಡಿ, ಸ್ಟೇಷನ್ನು ಒಂದರ ಮಗ್ಗುಲಲ್ಲಿ ಇನ್ನೊಂದು ಬೆಳೆದದ್ದು ಈ ಸರಪಳಿಯಿಂದಾಗಿ. ಒಂದೇ ಗೋಡೆಗೆ ಕ್ಯಾಮೆರಾ ಒತ್ತಿ ತೆಗೆದ ಚಿತ್ರದಲ್ಲಿ ಈ ಸರಪಳಿ ಬರಲಾರದು. ನಾಲ್ಕು ಹೆಜ್ಜೆ ಹಿಂದೆ ಸರಿದು ರಸ್ತೆ, ಗೇಟು, ತೂಕದ ಕಾಟಾ, ಎದುರಿನ ಚಹಾದಂಗಡಿ ಎಲ್ಲವೂ ಬರುವಂತೆ ತೆಗೆದರೆ ಬರುತ್ತದೆ. ಅಂಥ ಚಿತ್ರ ಅಷ್ಟು ಚೆಂದ ಕಾಣುವುದಿಲ್ಲ. ನನಗೆ ಬೇಕಾದದ್ದು ಅದೇ.

ಗಿರಣಿಗಳು ಖಾಲಿಯಾದದ್ದಕ್ಕೂ ಕಾರಣಗಳಿವೆ, ಅದು ವಿಧಿಯ ಆಟವೇನಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿತು. ಅದರ ಒಂದು ಭಾಗ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಆಧುನೀಕರಣಕ್ಕೆಂದೇ ಇತ್ತು. ಸಿಮೆಂಟಿನ ಅಂಗಳ ಬೇಕು, ಹತ್ತಿ ನೆಲಕ್ಕೆ ತಾಗದಂತೆ ಸಾಗಿಸುವ ಯಂತ್ರ ಬೇಕು, ಕಸ ಬೇರ್ಪಡಿಸುವ ಯಂತ್ರ ಬೇಕು, ಲಾರಿಗಳು ಸರಾಗವಾಗಿ ತಿರುಗಲು ಜಾಗ ಬೇಕು. ಊರ ನಡುವಿನ ಇಕ್ಕಟ್ಟಿನಲ್ಲಿ ಇಷ್ಟೆಲ್ಲ ಎಲ್ಲಿಂದ ಬರಬೇಕು? ಹೊಸ ಜಿನ್‌ಗಳು ಹೆದ್ದಾರಿ ಬದಿಗೆ ಹೋದವು. ಇತ್ತ ಊರೊಳಗಿನ ನೆಲದ ಬೆಲೆ ಏರಿತು. ಜಿನ್ ಓಡಿಸುವುದಕ್ಕಿಂತ ಜಾಗ ಮಾರುವುದೇ ಲಾಭವೆನಿಸಿದ ದಿನ ಗಿರಣಿಯ ಆಯುಷ್ಯ ಮುಗಿಯಿತು. ಇಂಥ ಜಾಗಗಳಿಗೆ ಈಗ ಬರುವವು ಕಲ್ಯಾಣ ಮಂಟಪ, ಶೋರೂಮ್, ಪ್ಲಾಟುಗಳು. ಮಾಲೀಕರನ್ನು ದೂರಲು ನಾನು ಹೊರಟಿಲ್ಲ. ನಡೆದದ್ದರ ದಾಖಲೆ ಇರಲಿ ಎನ್ನುತ್ತಿದ್ದೇನೆ. ಸಾವು ಸಹಜವೆಂಬಂತೆ ತೋರಿಸುವ ಅರಳಿ ಗಿಡದ ಫೋಟೋ ಈ ಲೆಕ್ಕಾಚಾರವನ್ನೆಲ್ಲ ಮುಚ್ಚಿಹಾಕುತ್ತದೆ.

ಮುಚ್ಚಿಹೋಗುವುದರಲ್ಲಿ ಮೊದಲನೆಯವರು ಹೆಂಗಸರು. ಹಳೆಯ ಜಿನ್ ಮನೆಯಲ್ಲಿ ಹತ್ತಿಯ ಗಂಟು ಹೊತ್ತು ತಂದು ಯಂತ್ರಕ್ಕೆ ಉಣಿಸುತ್ತಿದ್ದವರು, ಉದುರಿದ ಕಾಳು ಗುಡಿಸುತ್ತಿದ್ದವರು, ಅರಳೆಯ ಕಸ ಆರಿಸುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಸೆರಗನ್ನು ಮೂಗು ಬಾಯಿಗೆ ಬಿಗಿದು, ಚರ್ಮ ಸುತ್ತಿದ ರೋಲರು ಉಸಿರುಗಟ್ಟಿಸುವಷ್ಟು ನಾರಿನ ಧೂಳು ಎಬ್ಬಿಸುತ್ತಿದ್ದರೂ ಅದರೆದುರು ಹಂಗಾಮು ಪೂರ್ತಿ ಕೂತವರು. ಹೊಸ ಯಂತ್ರ ಬಂದಾಗ ಮೊದಲು ಕೆಲಸ ತಪ್ಪಿದ್ದೂ ಇವರಿಗೇ, ಯಾಕೆಂದರೆ ಹೊತ್ತು ತರುವ ಕೆಲಸವನ್ನೇ ಕೊಳವೆಗಳೂ ಪಟ್ಟಿಗಳೂ ಕಿತ್ತುಕೊಂಡವು. ಇವರ ಹೆಸರು ಹಾಜರಿ ಪುಸ್ತಕದಲ್ಲೂ ಸರಿಯಾಗಿ ಇದ್ದೀತೆಂಬ ಭರವಸೆಯಿಲ್ಲ, ಹಂಗಾಮಿ ಕೂಲಿಯಲ್ಲವೇ? ಫೋಟೋದಲ್ಲೂ ಇಲ್ಲವೆಂದರೆ ಇನ್ನೆಲ್ಲಿ ಹುಡುಕಬೇಕು?

ಜನರಿಲ್ಲದ ಕಾರ್ಖಾನೆ ಚಿತ್ರಗಳಿಗೆ ಜಗತ್ತಿನಲ್ಲಿ ದೊಡ್ಡ ಪರಂಪರೆಯೇ ಇದೆ, ನಮ್ಮ ಹುಡುಗರು ತಿಳಿದೋ ತಿಳಿಯದೆಯೋ ಅದರ ನೆರಳಲ್ಲಿದ್ದಾರೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ 1959ರಿಂದ ಮುಂದಿನ ಹಲವು ದಶಕ ನೀರಿನ ಗೋಪುರ, ಕಬ್ಬಿಣದ ಕುಲುಮೆ, ಕಲ್ಲಿದ್ದಲು ಗಣಿಯ ಅಟ್ಟಣಿಗೆಗಳನ್ನು ತೆಗೆದರು. ಮೋಡ ಕವಿದ ದಿನದ ಚಪ್ಪಟೆ ಬೆಳಕು, ನೇರ ನೋಟ, ಕಪ್ಪುಬಿಳುಪು. ಮನುಷ್ಯರ ಸುಳಿವಿಲ್ಲ. 1990ರಲ್ಲಿ ವೆನಿಸ್ ಬಿನಾಲೆ ಈ ಫೋಟೋಗಳಿಗೆ ಶಿಲ್ಪಕಲೆಯ ಪ್ರಶಸ್ತಿ ಕೊಟ್ಟಿತು. ಜನರನ್ನು ಹೊರಗಿಟ್ಟರೆಂಬ ನನ್ನ ದೂರು ಅವರಿಗೂ ಸಲ್ಲುತ್ತದೆ. ಆದರೆ ಅವರಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ. ಪ್ರತಿ ಚಿತ್ರಕ್ಕೂ ಊರು, ವರ್ಷ ಬರೆದರು. ಒಂದೇ ಜಾತಿಯ ಕಟ್ಟಡಗಳನ್ನು ಒಂದೇ ಕ್ರಮದಲ್ಲಿ ತೆಗೆದು ಸಾಲಾಗಿ ಇಟ್ಟದ್ದರಿಂದ ನೋಡುವವರಿಗೆ ಹೋಲಿಸಿ ನೋಡಲು ಸಾಧ್ಯವಾಯಿತು. ಅವರು ಬರೀ ಕಲಾವಿದರಾಗಿಯೂ ಉಳಿಯಲಿಲ್ಲ. ಡಾರ್ಟ್‌ಮುಂಡ್‌ನ ಝೊಲರ್ನ್ ಗಣಿಯ ಯಂತ್ರಶಾಲೆ ಕೆಡವುವ ಹಂತಕ್ಕೆ ಬಂದಾಗ ಅದನ್ನು ಉಳಿಸಲು ದನಿಯೆತ್ತಿದವರಲ್ಲಿ ಅವರೂ ಇದ್ದರು. 1969ರಲ್ಲಿ ಅದಕ್ಕೆ ಸ್ಮಾರಕದ ರಕ್ಷಣೆ ಸಿಕ್ಕಿತು, ಈಗದು ವಸ್ತುಸಂಗ್ರಹಾಲಯ. ನಮ್ಮಲ್ಲಿ ಕೇಂದ್ರದ 1958ರ ಸ್ಮಾರಕ ಕಾಯ್ದೆ ಕಟ್ಟಡಕ್ಕೆ ನೂರು ವರ್ಷವಾಗಿರಬೇಕು ಎನ್ನುತ್ತದೆ. ಬಹಳಷ್ಟು ಗಿರಣಿಗಳು ಅಷ್ಟು ವರ್ಷ ಕಾಣುವ ಮೊದಲೇ ನೆಲ ಸೇರುತ್ತವೆ. ಹಾಗಾಗಿ ನಮ್ಮ ಪಾಲಿಗೆ ಫೋಟೋವೇ ಬಹುಶಃ ಕೊನೆಯ ಸಾಕ್ಷಿ. ಅದು ಇನ್ನಷ್ಟು ಹೊಣೆಯಿಂದ ಕೂಡಿರಬೇಕು.

‘ಅಂದು – ಇಂದು’ ಎಂಬ ಜೋಡಿ ಚಿತ್ರಗಳ ಬಗ್ಗೆಯೂ ಒಂದು ಮಾತು. ಬೆಂಗಳೂರಿನವರಿಗೆ ಇವು ಬಲು ಇಷ್ಟ. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. 1884ರಲ್ಲಿ ಹುಟ್ಟಿ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿಯ ನೆಲದಲ್ಲೂ ಈಗ ಮಾಲು, ಗಗನಚುಂಬಿ ಮನೆಗಳು. ಎಡಕ್ಕೆ ಚಿಮಣಿ, ಬಲಕ್ಕೆ ಗಾಜಿನ ಗೋಡೆ ಇಟ್ಟರೆ ನೋಡುವವರಿಗೆ ಒಂದು ನಿಟ್ಟುಸಿರು ಬರುತ್ತದೆ, ಅಲ್ಲಿಗೆ ಮುಗಿಯಿತು. ಈ ಎರಡು ಚಿತ್ರಗಳ ನಡುವೆ ಏನೇನಿದೆ? ಮುಷ್ಕರ, ಬೀಗಮುದ್ರೆ, ಸ್ವಯಂನಿವೃತ್ತಿ ಪತ್ರ, ನ್ಯಾಯಾಲಯದ ಅಲೆದಾಟ, ನೆಲದ ಮಾರಾಟ. ಇತಿಹಾಸ ನಡೆದದ್ದೇ ಆ ನಡುವಣ ವರ್ಷಗಳಲ್ಲಿ, ಜೋಡಿ ಚಿತ್ರ ಅದನ್ನೇ ಕತ್ತರಿಸಿ ಎಸೆಯುತ್ತದೆ. ಮಿನರ್ವಾ ಮಿಲ್ಲಿನ ಹೆಸರನ್ನು ದೇಶದ ಪ್ರತಿ ಕಾನೂನು ವಿದ್ಯಾರ್ಥಿ ಬಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟಲಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲಿ ಮತ್ತೊಮ್ಮೆ ಸಾರಿದ್ದು ಬೆಂಗಳೂರಿನ ಆ ಬಟ್ಟೆ ಗಿರಣಿಯ ದಾವೆಯಲ್ಲಿ. ಆ ಮಗ್ಗಗಳ ಮುಂದೆ ನಿಂತವರ ಮುಖಗಳನ್ನು ಕಂಡ ಕಾನೂನು ವಿದ್ಯಾರ್ಥಿ ಮಾತ್ರ ನನಗಿನ್ನೂ ಸಿಕ್ಕಿಲ್ಲ. ನಮಗೆ ಹತ್ತಿರದ ಕಲಬುರಗಿಯಲ್ಲಿ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಎಂ.ಎಸ್.ಕೆ. ಮಿಲ್ ಇತ್ತು. ಇಂದು ಎಂ.ಎಸ್.ಕೆ. ಮಿಲ್ ಎಂದರೆ ಆಟೋದವರಿಗೆ ಒಂದು ಬಡಾವಣೆ.

ಇದಕ್ಕೆ ಎದುರಾಗಿ ನಾನು ಎತ್ತಿ ಹಿಡಿಯುವುದು ಮುಂಬೈಯ ಗಿರಣಗಾಂವಿನ ಉದಾಹರಣೆ. 1982ರ ದೊಡ್ಡ ಮುಷ್ಕರದ ತರುವಾಯ ಅಲ್ಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿ ಮಾಲು, ಕಚೇರಿ, ಗೋಪುರಗಳಾದವು. ಚಿಮಣಿಗಳ ಸುಂದರ ಫೋಟೋಗಳಿಗೆ ಅಲ್ಲೂ ಬರವಿರಲಿಲ್ಲ. ಆದರೆ ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಕಾರ್ಮಿಕರ ಬಾಯಿಂದಲೇ ಕೇಳಿ ಬರೆದುಕೊಂಡು 2004ರಲ್ಲಿ ತಂದ ಮೌಖಿಕ ಇತಿಹಾಸದ ಪುಸ್ತಕ ಬಂದ ಮೇಲೆ ಆ ಕಟ್ಟಡಗಳನ್ನು ನೋಡುವ ಕಣ್ಣೇ ಬೇರೆಯಾಯಿತು. ಚಾಳು, ಖಾನಾವಳಿ, ಭಜನೆ, ನಾಟಕ, ಯೂನಿಯನ್ ಎಲ್ಲ ಸೇರಿ ಒಂದು ಗಿರಣಿ ಎಂದು ತಿಳಿಯಿತು. ಚಿತ್ರಕ್ಕೆ ಮಾತು ಸೇರಬೇಕು. ಮಾತಿಲ್ಲದ ಗೋಡೆ ಯಾರ ಕತೆಯನ್ನು ಬೇಕಾದರೂ ಹೇಳುತ್ತದೆ, ಹೆಚ್ಚಾಗಿ ಮಾಲೀಕನದನ್ನು.

ಅಷ್ಟು ದೂರ ಹೋಗುವುದೂ ಬೇಡ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಕಟ್ಟಿಸಿದವನ ಹೆಸರು ಎಲ್ಲ ಕೋಟೆಯಲ್ಲೂ ಇರುತ್ತದೆ. ಇಲ್ಲಿ ಇನ್ನೂ ಒಂದಿದೆ: ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಬಗೆಯನ್ನೇ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಕಟ್ಟಡ ನಿಂತ ಜಾಗದಲ್ಲೇ ಕಟ್ಟಿದ ದುಡಿಮೆಯ ದಾಖಲೆ. ಕೋಟೆಗೆ ಹೋದವರು ಬುರುಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ, ಈ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಏಳು ನೂರು ವರ್ಷದ ಹಿಂದಿನ ಕಲ್ಲುಕುಟಿಗನಿಗೆ ಹೊಳೆದದ್ದು ಸಾವಿರಾರು ರೂಪಾಯಿಯ ಲೆನ್ಸು ಹೊತ್ತ ನಮಗೆ ಹೊಳೆಯದಿರುವುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಹಾಗಾದರೆ ಗಿರಣಿಯ ಒಳ್ಳೆಯ ಫೋಟೋಗಳೇ ಇಲ್ಲವೇ? ಇವೆ, ಅವು ಪ್ರದರ್ಶನಗಳಲ್ಲಿಲ್ಲ. ನಾನು ನೋಡಿದವುಗಳಲ್ಲಿ ಹೆಚ್ಚು ಬೆಲೆ ಕಟ್ಟುವುದು ಆಯುಧಪೂಜೆಯ ದಿನ ಊರಿನ ಸ್ಟುಡಿಯೊದವರು ತೆಗೆದ ಗುಂಪು ಚಿತ್ರಗಳಿಗೆ. ಎಂಜಿನ್ನಿಗೆ ಬಾಳೆಕಂಬ, ಚೆಂಡು ಹೂವಿನ ಸರ. ನಡುವೆ ಕುರ್ಚಿಯಲ್ಲಿ ಸಾಹುಕಾರರು, ಗುಮಾಸ್ತರು. ಹಿಂದೆ ಫಿಟ್ಟರ್, ಹಮಾಲರು, ಕೆಲವರ ಕೈಯಲ್ಲಿ ಅಂಡಿಗೆ ಎಳೆಯುವ ಕೊಕ್ಕೆ. ಕಲೆಯ ಆಸೆ ಒಂದಿಷ್ಟೂ ಇಲ್ಲದ ಈ ಚಿತ್ರಗಳಲ್ಲಿ ಯಂತ್ರ ಯಾವುದು, ಅದನ್ನು ನಡೆಸಿದವರು ಯಾರು, ಯಾರು ಕೂತರು, ಯಾರು ನಿಂತರು ಎಲ್ಲ ಇದೆ. ಹೆಂಗಸರು ಇಲ್ಲೂ ಅಪರೂಪ, ಇದ್ದರೆ ಅಂಚಿನಲ್ಲಿ ಅರ್ಧ ಮುಖ. ಆ ಅರ್ಧ ಮುಖವೂ ಒಂದು ಸಾಕ್ಷಿಯೇ. ಇಂಥ ಚಿತ್ರಗಳ ನೆಗೆಟಿವ್‌ಗಳು ಡಿಜಿಟಲ್ ಬಂದ ಮೇಲೆ ರದ್ದಿಗೆ ಹೋಗುತ್ತಿವೆ, ಸ್ಟುಡಿಯೊಗಳೇ ಮುಚ್ಚುತ್ತಿವೆ. ಗೋಡೆಯ ಫೋಟೋ ನಾಳೆ ತೆಗೆದರೂ ನಡೆದೀತು. ಇವನ್ನು ಇಂದೇ ಎತ್ತಿಡಬೇಕು.

ಹಳೆಯ ಗಿರಣಿ ಗೋಡೆಯೆದುರು ಮದುವೆ ಜೋಡಿಗಳನ್ನು ನಿಲ್ಲಿಸುವ ಹೊಸ ಚಾಳಿಯ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದು ಹೊಟ್ಟೆಪಾಡು, ಇತಿಹಾಸದ ಹೆಸರು ಹೇಳುವುದಿಲ್ಲ. ಇತಿಹಾಸ ಉಳಿಸುತ್ತಿದ್ದೇವೆ ಎಂದು ಹೇಳಿಕೊಂಡು ಬೆಳಕುನೆರಳಿನ ಆಟವಾಡುವುದೇ ನನ್ನ ಆಕ್ಷೇಪ. ಚೆಲುವು ಬೇಡವೆಂದೂ ಅಲ್ಲ. ಚೆಲುವಾದ ಚಿತ್ರವನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ, ಅದು ಅದರ ಬಲ. ಅಷ್ಟು ಹೊತ್ತು ನೋಡಿದವರಿಗೆ ತಿಳಿಯಲು ಏನಾದರೂ ಇರಬೇಕು. ಕೆಲಸ ಬಿಟ್ಟವರನ್ನು ಪಾಳುಗೋಡೆಯ ಮುಂದೆ ತಂದು ಅಳುಮುಖ ಮಾಡಿಸುವುದೂ ತಪ್ಪು. ಅವರ ಮನೆಗೆ ಹೋಗಿ, ಅವರು ಇವತ್ತು ಮಾಡುತ್ತಿರುವ ಕೆಲಸದ ನಡುವೆ, ಅವರು ಒಪ್ಪಿದರೆ ಮಾತ್ರ ತೆಗೆಯಬೇಕು. ಗಿರಣಿ ಹೋದ ಜಾಗಕ್ಕೆ ಬಂದ ಕಲ್ಯಾಣ ಮಂಟಪವನ್ನೂ ತೆಗೆಯಬೇಕು, ಅದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು ಯಾರೆಂದು ಕೇಳಬೇಕು.

ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಕ್ಯಾಮೆರಾ ಅಥವಾ ಒಳ್ಳೆಯ ಮೊಬೈಲು ಇಟ್ಟುಕೊಂಡ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೇ. ನಿಮ್ಮ ಓಣಿಯ ಒಂದು ಜಿನ್ನೋ ಎಣ್ಣೆ ಗಿರಣಿಯೋ ಆರಿಸಿಕೊಳ್ಳಿ. ಒಂದೇ ಜಾಗದಲ್ಲಿ ನಿಂತು, ಹಂಗಾಮಿಗೊಮ್ಮೆ, ಅದು ಬಿದ್ದು ಇನ್ನೊಂದು ಏಳುವವರೆಗೂ ತೆಗೆಯಿರಿ. ಅಲ್ಲಿ ದುಡಿದ ಅಕ್ಕನನ್ನೋ ಅಣ್ಣನನ್ನೋ ಹುಡುಕಿ, ಮಾಡುತ್ತಿದ್ದ ಕೆಲಸ ಕೇಳಿ, ಬರೆಯಬಹುದು ಎಂದರೆ ಹೆಸರು, ಊರು, ತಾರೀಖು ಚಿತ್ರದ ಹಿಂದೆ ಬರೆಯಿರಿ. ಒಂದು ಪ್ರತಿ ಅವರ ಕೈಗೆ ಕೊಡಿ, ಇನ್ನೊಂದನ್ನು ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ. ಹತ್ತಿ ಬರುವ ಹೊತ್ತಿಗೆ, ನವೆಂಬರಿನಲ್ಲೇ, ಶುರು ಮಾಡಿ.